ಗೂಬೆ, ಉಡ, ವಾಘೋಬಾ: ಆದಿವಾಸಿ ಪ್ರಾಣಿಚಿತ್ರಗಳನ್ನು ಮಕ್ಕಳಿಗೆ ಕಲಿಸುವಾಗ

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾನು ಮುಂಬಯಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಏಳರಿಂದ ಒಂಬತ್ತನೇ ತರಗತಿಯ ಮಕ್ಕಳು ನನ್ನ ವಿದ್ಯಾರ್ಥಿಗಳು. ಆದಿವಾಸಿ ಕಲಾವಿದರು ಬರೆದ ಪ್ರಾಣಿಗಳ ಚಿತ್ರವನ್ನೂ ಅಚ್ಚುಚಿತ್ರ ಮಾಡುವ ವಿದ್ಯೆಯನ್ನೂ ಒಟ್ಟಿಗೆ ಕಲಿಸುವ ಒಂದು ಪಾಠವನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಆ ಬಗ್ಗೆ ಮಾತಾಡಿ ಎಂದು ಸಂಚಾಲಕಿಯವರು ಕೇಳಿದರು. ಮಹಿಳಾ ವೇದಿಕೆಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ನಿಮಗನ್ನಿಸಬಹುದು. ಸಂಬಂಧ ಇದೆ, ಹೇಳುತ್ತೇನೆ.

ಮೊದಲು ನಮ್ಮ ಹತ್ತಿರದ ಪ್ರಾಣಿಯಿಂದಲೇ ಶುರು ಮಾಡೋಣ. ಬೊರಿವಲಿ, ಮುಲುಂಡ್, ಠಾಣೆ ಕಡೆ ಇರುವವರಿಗೆ ಚಿರತೆ ಹೊಸದಲ್ಲ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸಿ.ಸಿ.ಟಿ.ವಿ. ವಿಡಿಯೊ ಬಂದರೆ ಸಾಕು, ರಾತ್ರಿಯಿಡೀ ಅದೇ ಮಾತು. ನಮ್ಮ ಮಕ್ಕಳಿಗೆ ಚಿರತೆ ಎಂದರೆ ಒಂದು ಭಯ, ಇಲ್ಲವೇ ಒಂದು ವಿಡಿಯೊ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲೂ ಪಾಲ್ಘರ್ ಜಿಲ್ಲೆಯಲ್ಲೂ ಇರುವ ವಾರ್ಲಿ ಜನರಿಗೆ ಅದೇ ಪ್ರಾಣಿ ವಾಘೋಬಾ. ಹುಲಿಯೂ ಅವನೇ, ಚಿರತೆಯೂ ಅವನೇ. ಕಲ್ಲಿನಲ್ಲೋ ಮರದಲ್ಲೋ ಅವನ ರೂಪ ಕೆತ್ತಿ, ಸಿಂಧೂರ ಬಳಿದು, ವರ್ಷಕ್ಕೊಮ್ಮೆ ಪೂಜೆ ಕೊಡುತ್ತಾರೆ. ನಮ್ಮನ್ನೂ ನಮ್ಮ ದನಕರುಗಳನ್ನೂ ನೋಡಿಕೋ ಎಂದು ಕೇಳಿಕೊಳ್ಳುತ್ತಾರೆ. ಭಯ ಅಲ್ಲಿಯೂ ಇದೆ, ಆದರೆ ಆ ಭಯದ ಜೊತೆಗೆ ಒಂದು ಒಪ್ಪಂದವೂ ಇದೆ. ತುಳುನಾಡಿನಿಂದ ಬಂದ ನಿಮ್ಮಲ್ಲಿ ಅನೇಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಿಲಿಚಾಮುಂಡಿಯ ಕೋಲ ನೋಡಿ ಬೆಳೆದವರು ನೀವು.

ತರಗತಿಯಲ್ಲಿ ನಾನು ಮೊದಲು ಹೇಳುವ ಮಾತು ಇದೇ. ಆದಿವಾಸಿ ಚಿತ್ರಗಳಲ್ಲಿ ಬರುವ ಪ್ರಾಣಿ ಪರದೆಯ ಮೇಲಿನ ಡಿಸೈನ್ ಅಲ್ಲ. ಅದರ ಜೊತೆ ಬದುಕಿದವರು, ಅದನ್ನು ಬೇಟೆಯಾಡಿದವರು, ಅದಕ್ಕೆ ಹೆದರಿದವರು, ಅದಕ್ಕೆ ಕೈಮುಗಿದವರು ಬರೆದ ಚಿತ್ರ ಅದು. ಹೀಗಾಗಿ ಬಣ್ಣ ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಇದು ಯಾರ ಪ್ರಾಣಿ? ಬರೆದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಮತ್ತೆ ಮತ್ತೆ ಹೆಂಗಸರೇ ಸಿಗುತ್ತಾರೆ. ವಾರ್ಲಿಯನ್ನೇ ನೋಡಿ. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚೌಕ ಬರೆದು ಪಾಲಘಾಟ್ ದೇವಿಯನ್ನು ಕೂರಿಸುವ ಕೆಲಸ ಪರಂಪರೆಯಿಂದ ಸವಾಸಿನಿಯರದು. ಅಂದರೆ ನಾವು ಮುತ್ತೈದೆಯರು ಎನ್ನುತ್ತೇವಲ್ಲ, ಅವರದು. ಹಾಡು ಹೇಳಿ ಮದುವೆ ನಡೆಸಿಕೊಡುವ ಧವಲೇರಿಯೂ ಹೆಣ್ಣೇ. ಮದುವೆ ಮುಗಿಯಿತು, ಗೋಡೆ ಮಾಸಿತು. ಯಾರು ಬರೆದರು ಎಂದು ಯಾರೂ ಬರೆದಿಡಲಿಲ್ಲ. 1970ರ ದಶಕದಲ್ಲಿ ಈ ಚಿತ್ರ ಗೋಡೆಯಿಂದ ಕಾಗದಕ್ಕೆ ಇಳಿದಾಗ ಲೋಕಕ್ಕೆ ಮೊದಲು ಗೊತ್ತಾದ ಹೆಸರು ಜಿವ್ಯಾ ಸೋಮಾ ಮಾಶೆ ಅವರದು. ದೊಡ್ಡ ಕಲಾವಿದರು. 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಅವರ ಹೆಸರು ಉಳಿದದ್ದು ನ್ಯಾಯವೇ. ಆದರೆ ಅವರಿಗಿಂತ ಮುಂಚೆ ಆ ಗೋಡೆಗಳ ಮೇಲೆ ಕೈಯಾಡಿಸಿದ ಸಾವಿರಾರು ಹೆಂಗಸರ ಹೆಸರು ಎಲ್ಲಿ ಹೋಯಿತು?

ಅಚ್ಚುಚಿತ್ರದ ವಿಷಯ ಬರುವುದು ಇಲ್ಲಿಯೇ. ಅಚ್ಚುಚಿತ್ರಕ್ಕೆ ಒಂದು ಶಿಸ್ತಿದೆ. ಒಂದು ಫಲಕದಿಂದ ಎಷ್ಟು ಪ್ರತಿ ತೆಗೆದಿರಿ ಎಂದು ಲೆಕ್ಕ ಇಡಬೇಕು. ಪ್ರತಿಯೊಂದರ ಕೆಳಗೂ ಸಂಖ್ಯೆ ಬರೆಯಬೇಕು, ಸಹಿ ಹಾಕಬೇಕು. ಗೋಡೆಯ ಮೇಲೆ ಹೆಸರಿಲ್ಲದೆ ಹೋದ ಹೆಂಗಸಿಗೆ ಕಾಗದದ ಕೆಳಗೆ ಹೆಸರು ಸಿಗುತ್ತದೆ. ಹಾಗೆ ಹೆಸರು ಪಡೆದ ಒಬ್ಬರ ಕಥೆಯನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಕೆನಡಾದ ಉತ್ತರ ಭಾಗದಲ್ಲಿ ಬಾಫಿನ್ ದ್ವೀಪದ ಹತ್ತಿರ ಕಿಂಗೈಟ್ ಎಂಬ ಊರಿದೆ. ಹಿಂದೆ ಅದನ್ನು ಕೇಪ್ ಡಾರ್ಸೆಟ್ ಎನ್ನುತ್ತಿದ್ದರು. ಅಲ್ಲಿನವರು ಇನುಯಿಟ್ ಜನ. ಆ ಸೀಮೆಯಲ್ಲಿ 1927ರಲ್ಲಿ ಹುಟ್ಟಿದವರು ಕೆನೋಜುವಾಕ್ ಅಶೆವಾಕ್. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಅಜ್ಜಿಯ ಹತ್ತಿರ ಬೆಳೆದರು. ಅಲ್ಲಿನ ಹೆಂಗಸರು ಅರ್ಧಚಂದ್ರಾಕಾರದ ಉಲು ಎಂಬ ಕತ್ತಿಯಿಂದ ಸೀಲ್ ಪ್ರಾಣಿಯ ಚರ್ಮ ಕತ್ತರಿಸಿ ಬಟ್ಟೆ, ಬೂಟು, ಚೀಲ ಹೊಲಿಯುತ್ತಿದ್ದರು. ಕಪ್ಪು ಚರ್ಮದಲ್ಲಿ ಆಕಾರ ಕತ್ತರಿಸಿ ಬಿಳಿ ಚರ್ಮದ ಮೇಲೆ ಕೂರಿಸಿದರೆ ಅಲಂಕಾರ. ಕೆನೋಜುವಾಕ್ ಕಲಿತದ್ದೂ ಇದೇ ಕೈಕೆಲಸ. ಯೌವನದಲ್ಲೇ ಕ್ಷಯ ಹಿಡಿದು, ಮನೆಯಿಂದ ದೂರ ಕ್ವಿಬೆಕ್ ನಗರದ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದರು. ಅಲ್ಲಿ ಗೊಂಬೆ ಮಾಡುವುದನ್ನೂ ಮಣಿ ಕೆಲಸವನ್ನೂ ಕಲಿತರು.

1950ರ ದಶಕದ ಕೊನೆಯಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ಕಲಾವಿದ ಆ ಊರಿನಲ್ಲಿ ಅಧಿಕಾರಿಯಾಗಿದ್ದರು. ಅಲ್ಲಿನವರ ಕೆತ್ತನೆಯ ಕೌಶಲ ಕಂಡು, ಅಚ್ಚುಚಿತ್ರದ ವಿದ್ಯೆಯನ್ನು ಜಪಾನಿಗೆ ಹೋಗಿ ಹಿರಾತ್ಸುಕಾ ಎಂಬ ಗುರುಗಳ ಹತ್ತಿರ ಕಲಿತು ಬಂದರು. 1959ರಲ್ಲಿ ಊರಿನವರದೇ ಸಹಕಾರ ಸಂಘ ಸ್ಥಾಪನೆಯಾಗಿ, ಚಿತ್ರಗಳ ಮೊದಲ ಸಂಗ್ರಹ ಹೊರಬಂತು. ಕೆನೋಜುವಾಕ್ ಅವರ ಮೊದಲ ಅಚ್ಚುಚಿತ್ರದಲ್ಲಿ ಮೊಲವೊಂದು ಕಡಲಪಾಚಿ ತಿನ್ನುತ್ತಿದೆ. ಆ ಚಿತ್ರ ಎಲ್ಲಿಂದ ಬಂತು ಗೊತ್ತೇ? ಅವರೇ ಹೊಲಿದಿದ್ದ ಸೀಲ್ ಚರ್ಮದ ಚೀಲದ ಅಲಂಕಾರದಿಂದ. ಚೀಲ ಹೊಲಿಯುವ ಹೆಂಗಸು ಕಲಾವಿದೆಯಾದದ್ದು ಹೊಸ ವಿದ್ಯೆಯೊಂದರಿಂದಲೇ ಅಲ್ಲ. ವಿದ್ಯೆ ಮೊದಲೇ ಕೈಯಲ್ಲಿತ್ತು, ಅದಕ್ಕೆ ಕಾಗದ ಸಿಕ್ಕಿತು ಅಷ್ಟೇ.

1960ರಲ್ಲಿ ಬಂದದ್ದು ಅವರ ಪ್ರಸಿದ್ಧ ಗೂಬೆ, 'ದಿ ಎನ್‌ಚಾಂಟೆಡ್ ಔಲ್'. ಕಣ್ಣು ಅಗಲಿಸಿ ನಿಂತಿದೆ, ಗರಿಗಳು ಸೂರ್ಯನ ಕಿರಣಗಳ ಹಾಗೆ ಹರಡಿವೆ. ಕಲ್ಲಿನಲ್ಲಿ ಕೆತ್ತಿ, ಕೆಂಪು–ಕಪ್ಪು ಮತ್ತು ಹಸಿರು–ಕಪ್ಪು ಜೋಡಿಗಳಲ್ಲಿ ಒಟ್ಟು 50 ಪ್ರತಿ ತೆಗೆದರು. 1970ರಲ್ಲಿ ಅದು ಕೆನಡಾದ ಅಂಚೆಚೀಟಿಯ ಮೇಲೆ ಬಂತು. 2013ರಲ್ಲಿ ಅವರು ತೀರಿಕೊಂಡರು. 2017ರಲ್ಲಿ ಆ ದೇಶ ಹೊರತಂದ ವಿಶೇಷ 10 ಡಾಲರ್ ನೋಟಿನಲ್ಲೂ ಅವರದೇ ಗೂಬೆಯ ಚಿತ್ರವೊಂದಿದೆ.

ಗೂಬೆ ಎಂದ ಕೂಡಲೇ ನನ್ನ ಕನ್ನಡದ ಮಕ್ಕಳು ನಗುತ್ತಾರೆ. ನಮ್ಮಲ್ಲಿ ಗೂಬೆ ಎಂದರೆ ಬೈಗುಳ. ಮಾಡದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಗೂಬೆ ಕೂರಿಸುವುದು ಎನ್ನುತ್ತೇವೆ. ಪಕ್ಕದಲ್ಲಿ ಕೂತ ಬಂಗಾಳಿ ಹುಡುಗಿ ಎದ್ದು ನಿಂತು, ನಮ್ಮ ಮನೆಯಲ್ಲಿ ಗೂಬೆ ಲಕ್ಷ್ಮಿಯ ವಾಹನ ಎನ್ನುತ್ತಾಳೆ. ಇನುಯಿಟ್ ಹೆಂಗಸಿಗೆ ಅದು ಹಿಮದ ನಾಡಿನಲ್ಲಿ ದಿನವೂ ಕಾಣುವ ಚೆಲುವಾದ ಹಕ್ಕಿ. ಒಂದೇ ಗೂಬೆಗೆ ಮೂರು ಮನೆ. ಯಾರ ಪ್ರಾಣಿ ಎಂಬ ಪ್ರಶ್ನೆ ಮಕ್ಕಳಿಗೆ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನೊಂದು ಸಂಗತಿ. ಕಿಂಗೈಟ್‌ನಲ್ಲಿ ಚಿತ್ರ ಬರೆಯುವವರು ಒಬ್ಬರು, ಕಲ್ಲು ಕೆತ್ತಿ ಮಸಿ ಹಚ್ಚಿ ಅಚ್ಚು ತೆಗೆಯುವವರು ಬೇರೆ. ಹಾಳೆಯ ಅಂಚಿನಲ್ಲಿ ಚಿತ್ರ ಬರೆದವರ ಮುದ್ರೆಯ ಜೊತೆ ಅಚ್ಚಿನವರ ಮುದ್ರೆಯೂ ಸಹಕಾರ ಸಂಘದ ಇಗ್ಲೂ ಮುದ್ರೆಯೂ ಇರುತ್ತವೆ. ಕೆಲಸ ಮಾಡಿದ ಯಾವ ಕೈಯನ್ನೂ ಬಿಟ್ಟಿಲ್ಲ.

ನಮ್ಮ ದೇಶಕ್ಕೆ ಬರೋಣ. ಮಧ್ಯಪ್ರದೇಶದ ಪರಧಾನ ಗೊಂಡರು ವಂಶಾವಳಿಯನ್ನೂ ದೇವರ ಕಥೆಗಳನ್ನೂ ಹಾಡುತ್ತಿದ್ದ ಜನ. ಆ ಸಮುದಾಯದ ದುರ್ಗಾಬಾಯಿ ವ್ಯಾಮ್ ಹಬ್ಬ, ಮದುವೆಗಳಲ್ಲಿ ಗೋಡೆ ಮತ್ತು ನೆಲದ ಮೇಲೆ ಬರೆಯುವ ಡಿಗ್ನಾ ಎಂಬ ರೇಖಾಚಿತ್ರವನ್ನು ಚಿಕ್ಕ ಹುಡುಗಿಯಾಗಿದ್ದಾಗ ಅಜ್ಜಿಯಿಂದ ಕಲಿತರು. ನಾವು ಅಜ್ಜಿಯಿಂದ ರಂಗೋಲಿ ಕಲಿತ ಹಾಗೆಯೇ. ಮುಂದೆ ಭೋಪಾಲಕ್ಕೆ ಬಂದು ಕಾಗದದ ಮೇಲೆ ಬರೆಯತೊಡಗಿದರು. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಹೊರತಂದ 'ದಿ ನೈಟ್ ಲೈಫ್ ಆಫ್ ಟ್ರೀಸ್' ಪುಸ್ತಕದಲ್ಲಿ ಭಜ್ಜು ಶ್ಯಾಮ್, ರಾಮಸಿಂಗ್ ಉರ್ವೇತಿ ಅವರ ಜೊತೆ ದುರ್ಗಾಬಾಯಿಯವರ ಚಿತ್ರಗಳಿವೆ. ಕಪ್ಪು ಬಣ್ಣದ ಕೈಕಾಗದದ ಮೇಲೆ ಪುಟ ಪುಟವನ್ನೂ ಕೈಯಿಂದಲೇ ಸ್ಕ್ರೀನ್ ಪ್ರಿಂಟ್ ಮಾಡಿದ ಪುಸ್ತಕ ಅದು. ಪ್ರತಿ ಪ್ರತಿಗೂ ಸಂಖ್ಯೆ ಇದೆ.

ದುರ್ಗಾಬಾಯಿ ಮತ್ತು ಅವರ ಪತಿ ಸುಭಾಷ್ ವ್ಯಾಮ್ ಚಿತ್ರ ಬರೆದ ಇನ್ನೊಂದು ಪುಸ್ತಕ ಡಾ. ಅಂಬೇಡ್ಕರ್ ಅವರ ಜೀವನದ 'ಭೀಮಾಯನ'. ಅದರಲ್ಲಿ ಪ್ರಾಣಿಗಳು ಮಾಡುವ ಕೆಲಸ ನೋಡಿದರೆ ಮಕ್ಕಳು ಬೆರಗಾಗುತ್ತಾರೆ. ಮನಸ್ಸು ನೋಯಿಸುವ ಮಾತು ಬರೆದ ಗುಳ್ಳೆಗೆ ಚೇಳಿನ ಕೊಂಡಿ, ಮೃದುವಾದ ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ. ನೀರು ಕೊಡದವನ ಬಾಯಿಂದ ಬಂದ ಮಾತು ಕುಟುಕುತ್ತದೆ ಎಂದು ಹೇಳಲು ಒಂದು ಚೇಳು ಸಾಕು. 2022ರಲ್ಲಿ ದುರ್ಗಾಬಾಯಿಯವರಿಗೆ ಪದ್ಮಶ್ರೀ ಬಂತು.

ಗೊಂಡ ಚಿತ್ರಗಳಲ್ಲಿ ಮಕ್ಕಳು ಕಲಿಯಲೇಬೇಕಾದ ಒಂದು ವಿಷಯವಿದೆ. ಜಿಂಕೆಯ ಮೈಯನ್ನೋ ನವಿಲಿನ ಮೈಯನ್ನೋ ತುಂಬುವ ಸಣ್ಣ ಸಣ್ಣ ಚುಕ್ಕಿ, ಗೆರೆ, ಪೊರೆಗಳು ಒಬ್ಬೊಬ್ಬ ಕಲಾವಿದರಿಗೂ ಬೇರೆ ಬೇರೆ. ಆ ತುಂಬುಗೆಲಸ ನೋಡಿಯೇ ಇದು ಇಂಥವರ ಕೈ ಎಂದು ಬಲ್ಲವರು ಹೇಳಬಲ್ಲರು. ಅಂದ ಮೇಲೆ ನಮ್ಮ ಮಕ್ಕಳು ಆ ಚುಕ್ಕಿಗಳನ್ನೇ ನಕಲು ಮಾಡಿದರೆ ಅದು ಇನ್ನೊಬ್ಬರ ಸಹಿಯನ್ನು ನಕಲು ಮಾಡಿದ ಹಾಗೆ. ಗೊಂಡರಿಂದ ಕಲಿಯಬೇಕಾದದ್ದು ಅವರ ಚುಕ್ಕಿಯನ್ನಲ್ಲ. ನಮ್ಮದೇ ಒಂದು ಚುಕ್ಕಿಯನ್ನು ಹುಡುಕಿಕೊಳ್ಳುವುದನ್ನು.

ಈಗ ತರಗತಿಯಲ್ಲಿ ಏನು ಮಾಡುತ್ತೇವೆ ಎಂದು ಹೇಳುತ್ತೇನೆ. ಇಲ್ಲಿ ಶಿಕ್ಷಕಿಯರು, ಮೊಮ್ಮಕ್ಕಳಿಗೆ ರಜೆಯಲ್ಲಿ ಏನಾದರೂ ಕಲಿಸಬೇಕೆನ್ನುವ ಅಜ್ಜಿಯರು ಇದ್ದೀರಿ. ಉಪಯೋಗಕ್ಕೆ ಬರಬಹುದು.

ಮೊದಲ ವಾರ ನೋಡುವುದು ಮಾತ್ರ. ಮೊಬೈಲಿನ ಚಿತ್ರ ಬೇಡ, ಕಣ್ಣಾರೆ ಕಂಡ ಪ್ರಾಣಿಯನ್ನು ಹತ್ತು ನಿಮಿಷ ನೋಡಿ ಬರೆಯಬೇಕು. ಎ.ಸಿ. ಪೆಟ್ಟಿಗೆಯ ಮೇಲಿನ ಪಾರಿವಾಳ, ಮೀನು ಮಾರುವವಳ ಬುಟ್ಟಿಯ ಹತ್ತಿರ ಕೂತ ಬೆಕ್ಕು, ಟ್ಯೂಬ್‌ಲೈಟಿನ ಪಕ್ಕದ ಹಲ್ಲಿ, ತಬೇಲಾದ ಎಮ್ಮೆ. ರಬ್ಬರ್ ಬಳಸುವಂತಿಲ್ಲ.

ಎರಡನೇ ವಾರ ಕಲಾವಿದರ ಪರಿಚಯ. ಮೂರನೇ ವಾರ ಕಪ್ಪು ಕಾಗದದಲ್ಲಿ ಪ್ರಾಣಿಯ ಆಕಾರ ಕತ್ತರಿಸುವುದು. ಒಳಗೆ ಕಣ್ಣು, ಮೂಗು ಇಲ್ಲ. ಬರೀ ಹೊರಗೆರೆಯಿಂದಲೇ ಬೆಕ್ಕು ಎಂದು ಗೊತ್ತಾಗಬೇಕು. ಕತ್ತರಿಸಿದ ತುಂಡು ಒಂದು ಚಿತ್ರ, ಉಳಿದ ತೂತಿನ ಕಾಗದ ಇನ್ನೊಂದು ಚಿತ್ರ. ಸೀಲ್ ಚರ್ಮ ಕತ್ತರಿಸುತ್ತಿದ್ದ ಹೆಂಗಸರ ಕಣ್ಣಿಗೆ ಏನು ಗೊತ್ತಿತ್ತು ಎಂಬುದು ಆಗ ಮಕ್ಕಳ ಕೈಗೂ ತಿಳಿಯುತ್ತದೆ.

ನಾಲ್ಕನೇ ವಾರ ಮೈ ತುಂಬುವ ಗುರುತು. ಅದನ್ನು ಮನೆಯಿಂದಲೇ ತರಬೇಕು ಎನ್ನುತ್ತೇನೆ. ಚಕ್ಕುಲಿಯ ಮುಳ್ಳು, ಶ್ಯಾವಿಗೆಯ ಎಳೆ, ಅಮ್ಮನ ಇಳಕಲ್ ಸೀರೆಯ ಅಂಚು, ಕಿಟಕಿಯ ಗ್ರಿಲ್ಲು, ಲೋಕಲ್ ಟ್ರೇನಿನ ಹಿಡಿಕೆಗಳ ಸಾಲು, ಏನಾದರೂ ಸರಿ.

ಆಮೇಲೆ ಲಿನೋ. ಚಿಕ್ಕ ಮಕ್ಕಳಿಗಾದರೆ ಆಲೂಗಡ್ಡೆ, ಅಳಿಸುವ ರಬ್ಬರ್, ಥರ್ಮಾಕೋಲ್ ತಟ್ಟೆ ಸಾಕು. ದೊಡ್ಡವರಿಗೆ ಲಿನೋ ಹಾಳೆ ಮತ್ತು ಸಣ್ಣ ಉಳಿ. ಲಿನೋ ಗಟ್ಟಿಯಿದ್ದರೆ ಹತ್ತು ನಿಮಿಷ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಉಳಿಯ ಮುಂದೆ ಯಾವತ್ತೂ ಇನ್ನೊಂದು ಕೈ ಇರಬಾರದು, ಹಿಂದೆಯೇ ಇರಬೇಕು. ಕೆತ್ತಿದ್ದು ಬಿಳಿ, ಬಿಟ್ಟದ್ದು ಕಪ್ಪು. ಎಲ್ಲವೂ ತಿರುವುಮುರುವಾಗಿ ಮೂಡುತ್ತದೆ ಎಂಬುದು ನೆನಪಿರಬೇಕು. ಚಿತ್ರವನ್ನು ಟ್ರೇಸಿಂಗ್ ಕಾಗದದಲ್ಲಿ ತೆಗೆದು, ಮಗುಚಿ ಲಿನೋ ಮೇಲೆ ಇಳಿಸಿಕೊಂಡರೆ ತೊಂದರೆಯಿಲ್ಲ. ಕನ್ನಡದಲ್ಲಿ ಹೆಸರು ಕೆತ್ತುವ ಆಸೆಗೆ ಬಿದ್ದ ಮಕ್ಕಳು ತಮ್ಮ ಹೆಸರನ್ನು ಕನ್ನಡಿಯಲ್ಲಿ ನೋಡಿ ನೋಡಿ ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಹೆಸರು ಬರೆಯುತ್ತಿದ್ದ ಮಕ್ಕಳಿಗೆ ಇದೊಂದು ಕನ್ನಡ ಪಾಠವೂ ಆಗುತ್ತದೆ.

ರೋಲರಿನಿಂದ ಮಸಿಯನ್ನು ತೆಳ್ಳಗೆ ಹಚ್ಚಿ, ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದರೆ ಸಾಕು, ಯಂತ್ರ ಬೇಡ. ಕಿಂಗೈಟ್‌ನಲ್ಲೂ ಕಲ್ಲಿನ ಮೇಲೆ ಕಾಗದವಿಟ್ಟು ಕೈಯಿಂದಲೇ ಉಜ್ಜಿ ತೆಗೆಯುತ್ತಾರೆ. ಕಾಗದ ಎತ್ತುವ ಆ ಕ್ಷಣಕ್ಕೆ ಇಡೀ ತರಗತಿ ಸುಮ್ಮನಾಗುತ್ತದೆ. ಎಂಟು ಪ್ರತಿ ತೆಗೆದರೆ ಕೆಳಗೆ ಪೆನ್ಸಿಲಿನಲ್ಲಿ 1/8, 2/8 ಎಂದು ಬರೆದು ಸಹಿ. ಇಬ್ಬರು ಸೇರಿ ಮಾಡಿದ್ದರೆ ಇಬ್ಬರ ಹೆಸರೂ ಬರಬೇಕು.

ಎಂಟನೇ ತರಗತಿಯ ಹುಡುಗಿಯೊಬ್ಬಳು ಎಮ್ಮೆ ಕೆತ್ತಿದ್ದಳು. ಮೈತುಂಬ ಸಣ್ಣ ಸಣ್ಣ ಓಟದ ಹೊಲಿಗೆ. ವಿಜಯಪುರದ ಕಡೆಯ ಅವಳ ಅಜ್ಜಿ ಹೊಲಿದ ಕೌದಿಯಿಂದ ತಂದದ್ದು. ಸಹಿ ಹಾಕುವಾಗ ಕೇಳಿದಳು, "ಟೀಚರ್, ಹೊಲಿಗೆ ನಮ್ಮಜ್ಜೀದು. ಅವಳ ಹೆಸರೂ ಬರೀಬೇಕಲ್ಲಾ?" ನಾನು ಬರಿ ಎಂದೆ. ಅಜ್ಜಿಗೆ ಓದಲು ಬರುವುದಿಲ್ಲ. ಮನೆಯಲ್ಲಿ ಮೊಮ್ಮಗಳು ಬೆರಳಿಟ್ಟು ಹೆಸರು ತೋರಿಸಿದಾಗ, ನಾನೇನು ಮಾಡಿದೆನೇ, ಹರಿದ ಸೀರೆ ಸೇರಿಸಿ ಹೊಲಿದೆ ಅಷ್ಟೇ ಎಂದರಂತೆ. ಆಮೇಲೆ ಆ ಹಾಳೆಯನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡರಂತೆ.

ಹಾಗಾದರೆ ನಕಲು ಮಾಡಲೇಬಾರದೇ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ನೋಡಿ ಬರೆಯದೆ ಯಾರೂ ಕಲಿತಿಲ್ಲ, ನಿಜ. ಅಭ್ಯಾಸ ಪುಸ್ತಕದಲ್ಲಿ ನೋಡಿ ಬರೆಯಲಿ, ಪಕ್ಕದಲ್ಲಿ 'ಇಂಥವರ ಚಿತ್ರ ನೋಡಿ ಕಲಿತದ್ದು' ಎಂದು ಬರೆಯಲಿ. ಆದರೆ ಅಚ್ಚು ಹಾಕಿ ಹಂಚುವುದು, ಮಾರುವುದು ಬೇರೆ ಮಾತು. ಯಾಕೆ ಬೇರೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಕರಣ ಹೇಳುತ್ತೇನೆ.

ಅಲ್ಲಿನ ಉತ್ತರ ಭಾಗದ ಯಿರ್ಕಾಲಾದ ಯೋಲ್ಙು ಕಲಾವಿದೆಯೊಬ್ಬರು 1988ರಲ್ಲಿ ಒಂದು ಲಿನೋ ಚಿತ್ರ ಮಾಡಿದರು. ಪವಿತ್ರವಾದ ನೀರಿನ ಹೊಂಡ, ಅದರ ಜೊತೆ ಜಂಡಾ, ಅಂದರೆ ಉಡ. ಆ ಕಥೆ ಅವರ ಕುಲಕ್ಕೆ ಸೇರಿದ್ದು, ಅದನ್ನು ಚಿತ್ರಿಸುವ ಹಕ್ಕು ಹುಟ್ಟಿನಿಂದ ಬಂದದ್ದು. ಶಿಕ್ಷಣದ ಉದ್ದೇಶದ ಪ್ರಕಟಣೆಗೆ ಅವರು ಒಪ್ಪಿಗೆ ಕೊಟ್ಟಿದ್ದರು. ಆ ಪ್ರಕಟಣೆಯಿಂದ ಚಿತ್ರವನ್ನು ಎತ್ತಿಕೊಂಡು, ಕೇಳದೆ, ವಿಯೆಟ್ನಾಮಿನಲ್ಲಿ ನೆಲಹಾಸು ಮಾಡಿಸಿ ಆಸ್ಟ್ರೇಲಿಯಾಕ್ಕೆ ತಂದು ಮಾರಿದರು. ಪವಿತ್ರ ಉಡದ ಮೇಲೆ ಜನ ಚಪ್ಪಲಿ ಕಾಲಿಟ್ಟು ನಡೆಯುವಂತಾಯಿತು. ಕುಲದ ಹಿರಿಯರಿಗೆ ಉತ್ತರ ಹೇಳಬೇಕಾದವರು ಕದ್ದವರಲ್ಲ, ಆ ಕಲಾವಿದೆ. ಅವರೂ ಇತರ ಕಲಾವಿದರ ಕಡೆಯವರೂ ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಅವರ ಪರ ತೀರ್ಪು ಬಂತು. ಸುಮಾರು 1,88,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ವಿಧಿಸುವಾಗ ಅವರ ಸಂಸ್ಕೃತಿಗೆ ಆದ ನೋವನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು.

ಅವರು 2021ರಲ್ಲಿ ತೀರಿಕೊಂಡರು. ಹೆಸರು ಹೇಳಿ ಹೇಳಿ ಎನ್ನುವ ನಾನು ಅವರನ್ನು ಬಿ. ಮರಿಕಾ ಎಂದಷ್ಟೇ ಹೇಳುತ್ತೇನೆ. ಸತ್ತವರ ಹೆಸರನ್ನು ಕೆಲಕಾಲ ಉಚ್ಚರಿಸದಿರುವುದು ಆ ಜನರ ಪದ್ಧತಿ. ಹೆಸರು ಹೇಳುವುದೂ ಗೌರವ, ಅವರು ಬೇಡವೆಂದಾಗ ಹೇಳದಿರುವುದೂ ಗೌರವ. ಎರಡನ್ನೂ ತಿಳಿಯಲು ಇರುವುದು ಒಂದೇ ದಾರಿ, ಅವರನ್ನೇ ಕೇಳುವುದು.

ಸಹೋದರಿಯರೇ, ಇದು ದೂರದ ಮಾತಲ್ಲ. ನಮ್ಮ ಧಾರವಾಡದ ಕಸೂತಿಯಲ್ಲಿ ಅಂಬಾರಿ ಆನೆ ಇದೆ, ನವಿಲಿದೆ, ಗಿಳಿಯಿದೆ, ನಂದಿಯಿದೆ. ಬಟ್ಟೆಯ ಎರಡೂ ಬದಿ ಒಂದೇ ಹಾಗೆ ಕಾಣುವಂತೆ, ಗಂಟು ಹಾಕದೆ, ಎಳೆ ಎಣಿಸಿ ಹಾಕುವ ಕೆಲಸ. ಕಸೂತಿಗೂ ವಾರ್ಲಿಗೂ ಇಂದು ಜಿ.ಐ. ಮಾನ್ಯತೆಯಿದೆ. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಆದರೆ ನಿಮ್ಮ ಬೀರುವಿನಲ್ಲಿರುವ ಕಸೂತಿ ಸೀರೆಯ ಆನೆಯನ್ನು ಹಾಕಿದವಳ ಹೆಸರು ನಿಮಗೆ ಗೊತ್ತೇ?

ನಮ್ಮ ವೇದಿಕೆಗೆ ಮೂರು ವಿನಂತಿ. ಮುಂದಿನ ಮಕ್ಕಳ ಶಿಬಿರದಲ್ಲಿ ವಾರ್ಲಿ ಕಲಿಸುವುದಾದರೆ ಡಹಾಣು ಕಡೆಯ ವಾರ್ಲಿ ಕಲಾವಿದೆಯೊಬ್ಬರನ್ನೇ ಕರೆಸೋಣ. ಶಾಲು, ಹಾರದ ಜೊತೆಗೆ ಸರಿಯಾದ ಸಂಭಾವನೆ ಕೊಡೋಣ. ರಾಜ್ಯೋತ್ಸವದ ಮಳಿಗೆಯಲ್ಲಿ ಮಕ್ಕಳ ಕಾರ್ಡುಗಳನ್ನು ಮಾರುವಾಗ ಅವು ಮಕ್ಕಳದೇ ಪಾರಿವಾಳ, ಮಕ್ಕಳದೇ ಎಮ್ಮೆ ಆಗಿರಲಿ. ಮೂರನೆಯದು, ನಿಮ್ಮ ಮನೆಯಲ್ಲಿರುವ ಕೌದಿ, ಕಸೂತಿ, ಮಣಿ ತೋರಣ ಯಾರು ಮಾಡಿದ್ದು ಎಂದು ಕೇಳಿ ತಿಳಿದು, ಒಂದು ಚೀಟಿಯಲ್ಲಿ ಹೆಸರು, ಊರು, ವರ್ಷ ಬರೆದು ಅದರ ಜೊತೆ ಇಡಿ. ಹೇಳುವವರು ಇರುವಾಗಲೇ ಕೇಳಿಟ್ಟುಕೊಳ್ಳಿ.

ಮಕ್ಕಳು ಮಾಡಿದ ಅಚ್ಚುಚಿತ್ರಗಳನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಚಹಾ ಕುಡಿಯುತ್ತಾ ನೋಡಿ. ನೋಡುವಾಗ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದಿರುವುದನ್ನೂ ದಯವಿಟ್ಟು ಓದಿ.